ಫ್ಲಾರೆನ್ಸ್ ಲಾರೆನ್ಸ್

ನಮ್ಮ ಶಾಲೆಯ ಹೆಬ್ಬಾಗಿಲಿನ ಮುಂದೆ ಹಾಯುವ ಕಾರು ಎಡಕ್ಕೋ ಬಲಕ್ಕೋ ಹೊರಳುವ ಮೊದಲು ಹಳದಿಯ ದೀಪವನ್ನು ಮಿನುಗಿಸುತ್ತದೆ. ವೇಗ ತಗ್ಗಿಸುವಾಗ ಹಿಂಬದಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಇಂತಹ ಸೂಚಕಗಳನ್ನು ವಾಹನಕ್ಕೇ ಜೋಡಿಸಬೇಕೆಂದು ಆದಿಯಲ್ಲಿ ಯೋಚಿಸಿದವರಲ್ಲಿ ಒಬ್ಬಾಕೆ ಚಲಚ್ಚಿತ್ರದ ನಟಿಯೆಂಬುದನ್ನು ಬಲ್ಲವರು ವಿರಳ.

ಫ್ಲಾರೆನ್ಸ್ 1886ರಲ್ಲಿ ಕೆನಡಾ ದೇಶದ ಹ್ಯಾಮಿಲ್ಟನ್ ನಗರದಲ್ಲಿ ಜನಿಸಿದಳು. ತಾಯಿ ಷಾರ್ಲೆಟ್ ನಾಟಕರಂಗದವಳು. ಮಗಳೂ ಎಳೆಯ ವಯಸ್ಸಿನಲ್ಲಿಯೇ ರಂಗವನ್ನೇರಿ, ಇಂಪಾಗಿ ಸಿಳ್ಳು ಹಾಕಿ ಜನರನ್ನು ರಂಜಿಸಿದಳು. 1908ರಲ್ಲಿ ಅಮೆರಿಕದ ಬಯೋಗ್ರಾಫ್ ಕಂಪನಿಯನ್ನು ಸೇರಿದಳು. ಅದು ಮೂಕಿ ಚಿತ್ರಗಳ ಕಾಲ. ಆ ಕಂಪನಿ ನಟರ ಹೆಸರುಗಳನ್ನು ಪ್ರಕಟಿಸುತ್ತಿರಲಿಲ್ಲ; ಜನರು ಆಕೆಯ ಮುಖವನ್ನು ಮೆಚ್ಚಿ, ಹೆಸರನ್ನರಿಯದೆ, ಬಯೋಗ್ರಾಫ್ ಹುಡುಗಿಯೆಂದೇ ಕರೆದರು. ಆಕೆ ಕಾರ್ಲ್ ಲೆಮ್ಲಿಯ ಕಂಪನಿಗೆ ಬಂದ ಮೇಲೆ, 1910ರಲ್ಲಿ, ಟ್ರಾಂ ಗಾಡಿಗೆ ಸಿಕ್ಕಿ ಸತ್ತಳೆಂಬ ಸುಳ್ಳು ಸುದ್ದಿ ಹಬ್ಬಿತು. ಅದನ್ನು ಹುಟ್ಟಿಸಿದವನು ಲೆಮ್ಲಿಯೇ ಎಂಬುದು ಬಹುಮಂದಿಯ ಎಣಿಕೆ. ಸತ್ತಳೆಂದು ನಂಬಿದ್ದವರ ಮುಂದೆ ಆಕೆ ಸೇಂಟ್ ಲೂಯಿಸ್ ನಗರದಲ್ಲಿ ಕಾಣಿಸಿಕೊಂಡಾಗ ಜನಸಾಗರವೇ ನೆರೆಯಿತು. ಹೆಸರಿನಿಂದ ಪ್ರಖ್ಯಾತಳಾದ ಮೊದಲ ಚಿತ್ರತಾರೆಯೆಂಬ ಕೀರ್ತಿ ಹೀಗೆ ಬಂದಿತು.

ಗಳಿಸಿದ ಹಣದಿಂದ ಆಕೆ ಮೋಟಾರು ಕೊಂಡಳು. ಹೆಂಗಸರು ಕಾರು ನಡೆಸುವುದೇ ಅಪರೂಪವಾಗಿದ್ದ ಅಂದು, ತಾನೇ ನಡೆಸುತ್ತಿದ್ದಳು. ಆಗ ಚಾಲಕರು ತಿರುವಿನಲ್ಲಿ ಕೈಯನ್ನು ಹೊರಗೆ ಚಾಚಿ ಸೂಚನೆ ಕೊಡಬೇಕಾಗಿತ್ತು. ಮಳೆಯಲ್ಲಿ, ಇರುಳಿನಲ್ಲಿ, ಆ ಕೈ ಯಾರಿಗೆ ಕಂಡೀತು? 1914ರಲ್ಲಿ ಫ್ಲಾರೆನ್ಸ್ ಒಂದು ಉಪಾಯ ಹೂಡಿದಳು. ಗುಂಡಿಯನ್ನೊತ್ತಿದರೆ ಕಾರಿನ ಹಿಂಬದಿಯಲ್ಲಿ ಒಂದು ಸೂಚಕ ಮೇಲೇರಿ ತಿರುವಿನ ದಿಕ್ಕನ್ನು ತೋರುತ್ತಿತ್ತು. ಬ್ರೇಕನ್ನು ತುಳಿದರೆ ನಿಲುಗಡೆಯ ಫಲಕ ತಾನಾಗಿ ಎದ್ದು ನಿಲ್ಲುತ್ತಿತ್ತು. ಆದರೆ ಆಕೆ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಉಳಿದವರು ತಮ್ಮ ತಮ್ಮ ರೀತಿಯಲ್ಲಿ ಸೂಚಕಗಳನ್ನು ರಚಿಸಿದರು. ಆಕೆಗೆ ಒಂದು ಕಾಸೂ ಬರಲಿಲ್ಲ. ತಾಯಿ ಮಾತ್ರ 1917ರಲ್ಲಿ ಮುಂಗಾಜನ್ನು ಒರಸುವ ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದಳು. ಅದರಿಂದಲೂ ಮನೆಗೆ ಸಂಪತ್ತು ಬರಲಿಲ್ಲ.

ಚಿತ್ರೀಕರಣದಲ್ಲಿ ಬೆಂಕಿಯ ದೃಶ್ಯವೊಂದು ಆಕೆಯನ್ನು ಗಾಯಗೊಳಿಸಿತು. ಆ ಬಳಿಕ ತಾರೆಯ ಪದವಿ ಮರಳಿ ದೊರೆಯಲಿಲ್ಲ. ಮುಂದೆ ಸಣ್ಣಪುಟ್ಟ ಪಾತ್ರಗಳೇ ಗತಿಯಾದವು. ಬಹುಕಾಲದ ಕಾಯಿಲೆಯಿಂದ ನೊಂದ ಆಕೆಯ ಬಾಳು 1938ರ ಡಿಸೆಂಬರ್ 28ರಂದು ದಾರುಣವಾಗಿ ಮುಗಿಯಿತು.

ಮರುವರ್ಷದ ಮಾದರಿಯ ಬ್ಯೂಕ್ ಕಾರುಗಳಲ್ಲಿ ಮಿನುಗುವ ತಿರುವು ದೀಪಗಳು ಬಂದವು. ಕಾಲಕ್ರಮದಲ್ಲಿ ಇಂತಹ ದೀಪಗಳು ಚಾಲಕನ ಇಷ್ಟಕ್ಕೆ ಬಿಟ್ಟವಾಗಿ ಉಳಿಯದೆ ಕಾಯಿದೆಯ ವಿಷಯವಾದವು. 1986ರ ಮಾದರಿಯಿಂದ ಅಮೆರಿಕದ ಹೊಸ ಕಾರುಗಳಿಗೆ ಹಿಂಬದಿಯ ನಡುವೆ ಮೂರನೆಯದೊಂದು ನಿಲುಗಡೆ ದೀಪವೂ ಕಡ್ಡಾಯವಾಯಿತು. ನಮ್ಮ ದೇಶದಲ್ಲಿಯೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ತಿರುವು ದೀಪ, ನಿಲುಗಡೆ ದೀಪಗಳನ್ನು ವಿಧಿಸಿವೆ. ಕಂಡ ಕಂಡ ಬಣ್ಣದ ದೀಪಗಳನ್ನು ಅಂಟಿಸಿಕೊಂಡು ಮೆರೆಯುವ ಯುವಕರು ಅವನ್ನೊಮ್ಮೆ ಓದಿದರೆ ಲೇಸು.

ಹಾಲಿವುಡ್ಡಿನ ಸ್ಮಶಾನದಲ್ಲಿ ಆಕೆಯ ಸಮಾಧಿಗೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಹೆಸರಿನ ಕಲ್ಲೇ ಇರಲಿಲ್ಲ. 1991ರಲ್ಲಿ ಒಬ್ಬ ನಟನ ಔದಾರ್ಯದಿಂದ ಕಲ್ಲು ಬಂದಿತು. ಅದರ ಮೇಲೆ ಚಿತ್ರತಾರೆಯೆಂಬ ಬಿರುದು ಕೆತ್ತಿದೆ, ಮೋಟಾರಿನ ಮಾತಿಲ್ಲ.