ಕಿಟಕಿಯ ಹಿಂದಿನ ಹುಡುಗ

ಲಂಡನ್ ನಗರದ ಚಾಂಡೋಸ್ ಬೀದಿಯಲ್ಲಿ, 1824ರ ಸುಮಾರಿಗೆ, ಬೂಟ್ಸಿನ ಪಾಲಿಷ್ ತಯಾರಿಸುವ ಕಾರ್ಖಾನೆಯೊಂದಿತ್ತು. ಬೀದಿಯ ಕಡೆಗಿದ್ದ ಕಿಟಕಿಯ ಬಳಿ, ಬೆಳಕಿನ ಅನುಕೂಲಕ್ಕಾಗಿ, ಇಬ್ಬರು ಹುಡುಗರನ್ನು ಕೆಲಸಕ್ಕೆ ಕೂರಿಸಿದ್ದರು. ಪಾಲಿಷಿನ ಕುಡಿಕೆಗಳಿಗೆ ಕಾಗದ ಮುಚ್ಚಿ, ದಾರ ಬಿಗಿದು, ಚೀಟಿ ಅಂಟಿಸುವುದು ಅವರ ಕೆಲಸ. ಆ ಎಳೆಯ ಕೈಗಳ ಚುರುಕನ್ನು ದಾರಿಹೋಕರು ಗುಂಪುಗೂಡಿ ನೋಡುತ್ತಿದ್ದರು. ಒಂದು ದಿನ ಅವರಲ್ಲೊಬ್ಬನ ತಂದೆಯೂ ಅಲ್ಲಿಗೆ ಬಂದ. ಆ ದೃಶ್ಯವನ್ನು ಅವನು ಹೇಗೆ ಸಹಿಸಿಕೊಂಡನೆಂಬುದು ಮಗನಿಗೆ ಕೊನೆಯವರೆಗೂ ಬಿಡಿಸಲಾರದ ಒಗಟಾಯಿತು. ಆ ಮಗನೇ ಚಾರ್ಲ್ಸ್ ಡಿಕನ್ಸ್.

ಡಿಕನ್ಸ್ ಹುಟ್ಟಿದ್ದು 1812ರ ಫೆಬ್ರವರಿ 7ರಂದು, ಪೋರ್ಟ್ಸ್‌ಮತ್ ಬಂದರಿನ ಬಳಿ. ತಂದೆ ನೌಕಾಪಡೆಯ ಸಂಬಳದ ಕಚೇರಿಯಲ್ಲಿ ಗುಮಾಸ್ತೆ. ಕೈ ದೊಡ್ಡದು, ಆದಾಯ ಚಿಕ್ಕದು. 1824ರಲ್ಲಿ ಸಾಲಗಾರರು ಅವನನ್ನು ಮಾರ್ಷಲ್‌ಸೀ ಸೆರೆಮನೆಗೆ ಹಾಕಿಸಿದರು. ತಾಯಿಯೂ ಎಳೆಯ ಮಕ್ಕಳೂ ಅಲ್ಲಿಗೇ ಹೋಗಿ ನೆಲೆಸಿದರು. ಹನ್ನೆರಡರ ಚಾರ್ಲ್ಸ್ ಹೊರಗುಳಿದು, ವಾರಕ್ಕೆ ಆರು ಷಿಲಿಂಗಿನ ಕೂಲಿಯಲ್ಲಿ ಒಬ್ಬಂಟಿಯಾಗಿ ದಿನ ನೂಕಿದ. ಹೊಟ್ಟೆಗೆ ಸಾಲದ ಆ ದಿನಗಳಲ್ಲಿ ತಾನೂ ಒಬ್ಬ ಪುಟ್ಟ ಕಳ್ಳನೋ ಅಲೆಮಾರಿಯೋ ಆಗಿಬಿಡಬಹುದಾಗಿತ್ತೆಂದು ಅವನು ಮುಂದೆ ಗುಟ್ಟಾಗಿ ಬರೆದಿಟ್ಟ. ಸಾಲದ ಬಾಧೆ ತೀರಿದ ಮೇಲೂ ಮಗ ಕಾರ್ಖಾನೆಗೆ ಮರಳಲೆಂದು ತಾಯಿ ಬಯಸಿದಳು. ಅದನ್ನು ಅವನು ಎಂದೂ ಮರೆಯಲಿಲ್ಲ.

ಶಾಲೆ ಮುಗಿಸಿ, ಶೀಘ್ರಲಿಪಿ ಕಲಿತು, ವರದಿಗಾರನಾದ ಡಿಕನ್ಸ್‌ಗೆ ನಾಟಕವೆಂದರೆ ಪ್ರಾಣ. ಇಪ್ಪತ್ತರ ಹರೆಯದಲ್ಲಿ ಕವೆಂಟ್ ಗಾರ್ಡನ್ ರಂಗಮಂದಿರಕ್ಕೆ ತಾನೇ ಪತ್ರ ಬರೆದು ಪರೀಕ್ಷೆಗೆ ದಿನ ಗೊತ್ತುಮಾಡಿಸಿಕೊಂಡ. ಆ ದಿನ ಬಲವಾದ ನೆಗಡಿ ಬಂದು ಹೋಗಲಾಗಲಿಲ್ಲ. ನಟನಾಗಬೇಕಾದವನು ಕಾದಂಬರಿಕಾರನಾದ; ಆದರೆ ಅವನೊಳಗಿನ ನಟ ಸಾಯಲಿಲ್ಲ.

1837ರಿಂದ 1839ರವರೆಗೆ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ‘ಆಲಿವರ್ ಟ್ವಿಸ್ಟ್’ ಲಂಡನ್ನಿನ ಗಲ್ಲಿಗಳ ಅನಾಥ ಮಕ್ಕಳ ಕಥೆ. ಜೇಬುಗಳ್ಳತನ ಕಲಿಸುವ ಮುದುಕ ಫೇಗಿನ್, ಅವನ ನೆರಳಿನಲ್ಲಿ ಬೆಳೆಯುವ ಬಾಲಕರು. ಸೋಜಿಗವೆಂದರೆ, ಪಾಲಿಷ್ ಕಾರ್ಖಾನೆಯಲ್ಲಿ ಅನಾರೋಗ್ಯದ ಚಾರ್ಲ್ಸನಿಗೆ ಬಿಸಿನೀರಿನ ಶಾಖ ಕೊಟ್ಟು ಉಪಚರಿಸಿದ ಗೆಳೆಯನ ಹೆಸರೇ ಫೇಗಿನ್! ಕಾದಂಬರಿ ಮುಗಿಯುವ ಮೊದಲೇ, 1838ರಲ್ಲಿ, ನಾಟಕ ಮಂಡಳಿಗಳು ಅದನ್ನು ರಂಗಕ್ಕೇರಿಸಿದವು. ಅಂದಿನ ಕಾನೂನಿನಲ್ಲಿ ಲೇಖಕನಿಗೆ ಇದನ್ನು ತಡೆಯುವ ಹಕ್ಕಿರಲಿಲ್ಲ. ಸರ್ರೆ ರಂಗಮಂದಿರದಲ್ಲಿ ಪ್ರಯೋಗ ನೋಡಲು ಹೋದ ಡಿಕನ್ಸ್, ಆ ವಿರೂಪವನ್ನು ಕಾಣಲಾರದೆ, ಮೊದಲ ದೃಶ್ಯ ಮುಗಿಯುವ ಮೊದಲೇ ತನ್ನ ಆಸನದ ಬಳಿ ನೆಲದ ಮೇಲೆ ಮಲಗಿ, ತೆರೆ ಬೀಳುವವರೆಗೂ ಏಳಲಿಲ್ಲವಂತೆ. ಬೀದಿಯ ಮಗುವಿನ ಗೋಳು ಬರಿಯ ವಿನೋದವಾಗಬಾರದೆಂಬ ಹಟ ಅವನಲ್ಲಿ ಬೇರೂರಿತು.

1843ರಲ್ಲಿ ಅವನು ಫೀಲ್ಡ್ ಲೇನ್ ಎಂಬಲ್ಲಿದ್ದ, ಹರಕುಬಟ್ಟೆಯ ಮಕ್ಕಳ ಧರ್ಮಶಾಲೆಯನ್ನು ಕಂಡ. ಅದು ಕಥೆಯ ಫೇಗಿನ್‌ನ ಕೇರಿಯೇ. ಮೊದಲು ಬಡ ಮಕ್ಕಳ ಪರವಾಗಿ ಕಿರುಹೊತ್ತಿಗೆಯೊಂದನ್ನು ಬರೆಯಲೆಣಿಸಿದ್ದವನು, ವಾದಕ್ಕಿಂತ ಕಥೆ ಬಲವಾಗಿ ತಾಗುವುದೆಂದು ತಿಳಿದು, ಆ ವರ್ಷದ ಡಿಸೆಂಬರಿನಲ್ಲಿ ‘ಎ ಕ್ರಿಸ್ಮಸ್ ಕ್ಯಾರೋಲ್’ ಪ್ರಕಟಿಸಿದ. ಅಜ್ಞಾನ, ದಾರಿದ್ರ್ಯ ಎಂಬ ಎರಡು ಮಕ್ಕಳು ಅದರಲ್ಲಿ ಮೈದಳೆದು ನಿಂತಿವೆ.

ಕೊನೆಗೆ ಆ ಕಥೆಯೇ ಅವನನ್ನು ರಂಗಕ್ಕೆ ಕರೆತಂದಿತು. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಪುರಭವನದಲ್ಲಿ ಧರ್ಮಾರ್ಥವಾಗಿ ಅದನ್ನು ವಾಚಿಸಿದ. ಒಂದು ದಿನ ದುಡಿಯುವ ಜನರಿಗೇ ಮೀಸಲೆಂದು ಕೇಳಿಕೊಂಡ. ಲಂಡನ್ನಿನ ಗ್ರೇಟ್ ಆರ್ಮಂಡ್ ಬೀದಿಯ ಮಕ್ಕಳ ಆಸ್ಪತ್ರೆ 1852ರಲ್ಲಿ ಹತ್ತೇ ಹಾಸಿಗೆಗಳಿಂದ ಆರಂಭವಾಗಿ ಹಣವಿಲ್ಲದೆ ತೊಳಲುತ್ತಿತ್ತು. 1858ರ ಫೆಬ್ರವರಿಯ ಔತಣವೊಂದರಲ್ಲಿ ಡಿಕನ್ಸ್ ಅದರ ಪರವಾಗಿ ಮಾತನಾಡಿ, ಎಡಿನ್‌ಬರೊದ ಕತ್ತಲ ಕೋಣೆಯೊಂದರಲ್ಲಿ, ಮೊಟ್ಟೆ ತುಂಬುವ ಹಳೆಯ ಪೆಟ್ಟಿಗೆಯೊಳಗೆ, ಮಾತಿಲ್ಲದೆ ಮಲಗಿದ್ದ ರೋಗಿ ಶಿಶುವನ್ನು ಕಣ್ಣಿಗೆ ಕಟ್ಟಿದ. ಆ ರಾತ್ರಿ ಸುಮಾರು 3,000 ಪೌಂಡು ಕೂಡಿತು. ಏಪ್ರಿಲ್ 15ರಂದು ಅದೇ ಆಸ್ಪತ್ರೆಗಾಗಿ ‘ಕ್ಯಾರೋಲ್’ ವಾಚಿಸಿದ.

ಆ ತಿಂಗಳ ಕೊನೆಗೆ ವಾಚನವೇ ಅವನ ವೃತ್ತಿಯೂ ಆಯಿತು. ಅದರಿಂದ ಅವನು ಧನಿಕನಾದನೆಂಬುದು ನಿಜ. ಆದರೆ ಒಂದು ಷಿಲಿಂಗಿನ ಆಸನಗಳು ಇದ್ದೇ ತೀರಬೇಕೆಂಬ ನಿಯಮವನ್ನು ಬಿಡಲಿಲ್ಲ. ಒಂದು ಮೇಜು, ಹಿಂದೊಂದು ಪರದೆ, ಮೇಲೆ ಗ್ಯಾಸಿನ ದೀಪ, ಇಷ್ಟೇ ರಂಗಸಜ್ಜಿಕೆ. ನಮ್ಮ ಕೀರ್ತನಕಾರರಂತೆ ಒಬ್ಬನೇ ಎಲ್ಲ ಪಾತ್ರಗಳೂ ಆಗುತ್ತಿದ್ದ. 1869ರ ಜನವರಿಯಿಂದ ‘ಆಲಿವರ್ ಟ್ವಿಸ್ಟ್’ನ ನ್ಯಾನ್ಸಿಯ ಕೊಲೆಯನ್ನು ವಾಚಿಸತೊಡಗಿದ. ಆ ನ್ಯಾನ್ಸಿಯೂ ಹಸುಳೆಯಾಗಿದ್ದಾಗಲೇ ಫೇಗಿನ್‌ನ ಕೈಗೆ ಸಿಕ್ಕಿ ಕಳವು ಕಲಿತವಳು. ವಾಚನ ಮುಗಿಯುವಾಗ ಅವನ ನಾಡಿ ಮಿತಿಮೀರಿ ಬಡಿಯುತ್ತಿತ್ತು. ವೈದ್ಯರು ಎಚ್ಚರಿಸಿದರೂ ಬಿಡಲಿಲ್ಲ. ಏಪ್ರಿಲಿನಲ್ಲಿ ದೇಹವೇ ಸೋತು ಪ್ರವಾಸ ನಿಂತಿತು. 1870ರ ಮಾರ್ಚ್ 15ರಂದು ಕೊನೆಯ ವಾಚನ. ಜೂನ್ 9ರಂದು ಮರಣ.

ಇಷ್ಟು ವರ್ಷ ಸಾವಿರಾರು ಜನರ ಮುಂದೆ ಅನ್ಯರ ಮಕ್ಕಳ ಕಥೆ ಹೇಳಿದವನು ತನ್ನ ಬಾಲ್ಯವನ್ನು ತನ್ನ ಮಕ್ಕಳಿಗೂ ಹೇಳಿರಲಿಲ್ಲ. ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ ಅದಕ್ಕೆ ಕಥೆಯ ವೇಷ ತೊಡಿಸಿ, ನಿಜವನ್ನು ಗೆಳೆಯ ಫಾರ್ಸ್ಟರನಿಗೆ ಬಿಚ್ಚಿಟ್ಟಿದ್ದ. ಅವನು ಕಣ್ಮುಚ್ಚಿ ಎರಡು ವರ್ಷ ತುಂಬುವ ಮೊದಲೇ ಫಾರ್ಸ್ಟರ್ ಬರೆದ ಜೀವನಚರಿತ್ರೆ ಹೊರಬಂದಾಗ ಇಂಗ್ಲೆಂಡು ಬೆರಗಾಯಿತು. ಗ್ಯಾಸಿನ ದೀಪದ ಕೆಳಗೆ ತಾವು ಇಷ್ಟು ವರ್ಷ ನೋಡಿ ಕಣ್ಣೀರಿಟ್ಟದ್ದು ಚಾಂಡೋಸ್ ಬೀದಿಯ ಕಿಟಕಿಯ ಹಿಂದಿನ ಅದೇ ಹುಡುಗನನ್ನು ಎಂಬುದು ಜನಕ್ಕೆ ಆಗ ತಿಳಿಯಿತು. ಅಂದು ದಾರಿಹೋಕರು ಅವನ ಕೈಗಳನ್ನು ಮಾತ್ರ ನೋಡಿ ಮುಂದೆ ಸಾಗಿದ್ದರು. ಮುಖವನ್ನೂ ನೋಡುವಂತೆ ಮಾಡಲು ಅವನಿಗೆ ಒಂದು ಜನ್ಮವೇ ಬೇಕಾಯಿತು.