ಪ್ಲೇಗಿನ ಅಣುವನ್ನು ಗುರುತಿಸಿದ ಯೆರ್ಸಿನ್ನರು

ಇಲಿ ಬಿದ್ದಿತೆಂದರೆ ಊರಿಗೆ ಊರೇ ಬಾಗಿಲಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ದಿನಗಳ ಕಥೆಯನ್ನು ಹಳೆಯ ಮೈಸೂರು ಸೀಮೆಯ ಹಿರಿಯರಿಂದ ಕೇಳದವರು ವಿರಳ. 1898ರಲ್ಲಿ ಪ್ಲೇಗು ಬೆಂಗಳೂರನ್ನೂ ಮೈಸೂರನ್ನೂ ಹೊಕ್ಕಾಗ ಯಳಂದೂರು ಮೈಸೂರು ಸಂಸ್ಥಾನದ ಜಹಗೀರು. ಕೆಲವೇ ಹರದಾರಿ ಆಚೆಯ ಕೊಳ್ಳೇಗಾಲವೂ ಹನೂರು ಸೀಮೆಯೂ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಸೋಂಕಿನ ಸೀಮೆಯಿಂದ ಮದರಾಸು ಆಧಿಪತ್ಯಕ್ಕೆ ಬರುವ ಪ್ರಯಾಣಿಕನು ಪ್ಲೇಗ್ ಪಾಸ್‌ಪೋರ್ಟು ಪಡೆಯಬೇಕಾಗಿದ್ದಿತು. ಇಲಿಗೆ ಯಾವ ರಹದಾರಿಯೂ ಬೇಕಿರಲಿಲ್ಲ. ಈ ಮಹಾಮಾರಿಯ ಕಾರಣವನ್ನು ಅದಕ್ಕೆ ನಾಲ್ಕೇ ವರ್ಷ ಮೊದಲು ರೋಗಿಯ ಕೀವಿನಲ್ಲಿ ಕಂಡು ಹಿಡಿದವರು ಅಲೆಕ್ಸಾಂಡ್ರ್ ಯೆರ್ಸಿನ್ನರು.

ಇವರು 1863ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದರು. ತಂದೆಯ ಮುಖವನ್ನು ಕಾಣುವ ಯೋಗ ಇವರಿಗಿರಲಿಲ್ಲ. ತಾಯಿ ಬಾಲಿಕೆಯರ ಪಾಠಶಾಲೆ ನಡೆಸಿ ಮಕ್ಕಳನ್ನು ಸಾಕಿದರು. ಪ್ಯಾರಿಸಿನಲ್ಲಿ ಪಾಸ್ತರರ ಪ್ರಯೋಗಶಾಲೆಯನ್ನು ಸೇರಿ, 1888ರಲ್ಲಿ ರೂ ಅವರೊಡನೆ ಗಂಟಲುಮಾರಿಯ ವಿಷವನ್ನು ಶೋಧಿಸಿದರು. ಇಷ್ಟು ಕೀರ್ತಿ ಬಂದ ತರುಣನು ಪ್ಯಾರಿಸಿನಲ್ಲಿಯೇ ನೆಲೆಸಬಹುದಾಗಿದ್ದಿತು. ಆದರೆ 1890ರಲ್ಲಿ ಹಡಗಿನ ವೈದ್ಯರಾಗಿ ಪೂರ್ವದೇಶಕ್ಕೆ ಹೊರಟುಬಿಟ್ಟರು.

1894ರ ಜೂನ್ ತಿಂಗಳಿನಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಉರಿಯುತ್ತಿದ್ದಾಗ ಯೆರ್ಸಿನ್ನರು ಅಲ್ಲಿಗೆ ಬಂದಿಳಿದರು. ಕಾಖರ ಶಿಷ್ಯರಾದ ಜಪಾನಿನ ಕಿಟಾಸಾಟೋ ಅವರು ಮೂರು ದಿನ ಮೊದಲೇ ಪರಿವಾರಸಮೇತ ಬಂದು ಆಸ್ಪತ್ರೆಯ ಸಕಲ ಸೌಕರ್ಯಗಳನ್ನೂ ಪಡೆದಿದ್ದರು. ಆಂಗ್ಲ ಅಧಿಕಾರಿಗಳು ಯೆರ್ಸಿನ್ನರಿಗೆ ಶವಗಳನ್ನು ಮುಟ್ಟಗೊಡಲಿಲ್ಲ. ಅವರು ಹುಲ್ಲಿನ ಗುಡಿಸಲೊಂದನ್ನು ಕಟ್ಟಿಸಿ, ಸೂಕ್ಷ್ಮದರ್ಶಕವನ್ನು ಅಲ್ಲಿಟ್ಟು, ಶವ ಹೂಳುವ ನಾವಿಕರ ಕೈಗೆ ಕಾಸು ಹಾಕಿ, ಹೆಣದ ತೊಡೆಸಂದಿನ ಗಡ್ಡೆಯನ್ನು ಕತ್ತರಿಸಿಕೊಂಡು ಬಂದರು. ಕಿಟಾಸಾಟೋ ಅವರು ಬಹುಮಟ್ಟಿಗೆ ರಕ್ತವನ್ನು ಪರೀಕ್ಷಿಸುತ್ತಿದ್ದರು. ಯೆರ್ಸಿನ್ನರು ರೋಗವು ಮನೆ ಮಾಡಿದ್ದ ಗಡ್ಡೆಗೇ ಕೈ ಹಾಕಿದರು. ಅದರ ರಸದಲ್ಲಿ ಎರಡು ತುದಿಯೂ ಗಾಢವಾಗಿ ಬಣ್ಣ ಹಿಡಿಯುವ ಗಿಡ್ಡ ಕೋಲಿನಾಕಾರದ ಅಣುಗಳು ಕಿಕ್ಕಿರಿದಿದ್ದವು. ಗ್ರಾಮನ ಬಣ್ಣವನ್ನು ಅವು ಉಳಿಸಿಕೊಳ್ಳಲಿಲ್ಲ. ಇಲಿ, ಗಿನಿಹಂದಿಗಳಿಗೆ ಚುಚ್ಚಿದಾಗ ಅವೂ ಸತ್ತವು. ಬೀದಿಯಲ್ಲಿ ಸತ್ತುಬಿದ್ದ ಇಲಿಗಳಲ್ಲಿಯೂ ಅದೇ ಅಣು ಕಂಡಿತು.

ಇಲ್ಲಿ ಒಂದು ವಿನೋದವುಂಟು. ಶರೀರದ ಶಾಖವನ್ನು ಕಾಯ್ದಿಡುವ ಪೆಟ್ಟಿಗೆ ಯೆರ್ಸಿನ್ನರ ಬಳಿ ಇರಲಿಲ್ಲ. ಪ್ಲೇಗಿನ ಅಣುವಾದರೋ 37 ಡಿಗ್ರಿಗಿಂತ 28 ಡಿಗ್ರಿಯ ಆಸುಪಾಸಿನಲ್ಲಿ ಹುಲುಸಾಗಿ ಬೆಳೆಯತಕ್ಕದ್ದು. ಪೆಟ್ಟಿಗೆಯುಳ್ಳ ಕಿಟಾಸಾಟೋ ಅವರ ಬೆಳೆಯಲ್ಲಿ ನ್ಯುಮೋನಿಯದ ಅಣುಗಳು ಬೆರೆತು ಅವರ ವರ್ಣನೆಯನ್ನು ಕೆಡಿಸಿದವೆಂದು ಅನೇಕ ಪಂಡಿತರ ಮತ. ಏಷ್ಯದವನೊಬ್ಬನಿಗೆ ಈ ಯಶಸ್ಸು ಸಲ್ಲಲೆಂಬ ಆಸೆ ನಮ್ಮಂಥವರಿಗೆ ಸಹಜವಾದರೂ, ನಿರ್ದುಷ್ಟ ವರ್ಣನೆಯ ಗೌರವ ಗುಡಿಸಲಿನವರಿಗೇ ಸಲ್ಲಬೇಕು.

ಇದು ಹಳೆಯ ಪುರಾಣವಲ್ಲ. 1966ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಪ್ಲೇಗು ಕಂಡ ಬಳಿಕ ದೇಶದಲ್ಲಿ ದೀರ್ಘಕಾಲ ಅದರ ಸುಳಿವಿರಲಿಲ್ಲ. 1994ರಲ್ಲಿ ಸೂರತ್ತಿನಲ್ಲಿ ಅದರ ಕೂಗೆದ್ದು ಲಕ್ಷಾಂತರ ಜನ ಊರು ಬಿಟ್ಟೋಡಿದಾಗ, ಅಣುವು ಅದೇ ಹೌದೋ ಅಲ್ಲವೋ ಎಂಬ ವಿವಾದ ಬಹುಕಾಲ ಮುಗಿಯಲಿಲ್ಲ. ಅಪರೂಪದ ಅಣುವನ್ನು ಇಂದಿನ ಸ್ವಯಂಚಾಲಿತ ಯಂತ್ರಗಳೂ ಅದರ ದಾಯಾದಿಯ ಹೆಸರಿನಿಂದ ಕರೆದುಬಿಡುವುದುಂಟು. ಪೆನಿಸಿಲಿನ್ನಿಗೆ ಪ್ಲೇಗು ಬಗ್ಗದು, ಸ್ಟ್ರೆಪ್ಟೊಮೈಸಿನ್ನಿಗೆ ಬಗ್ಗುವುದು. ಆದುದರಿಂದ ಹೆಸರು ತಪ್ಪಿದರೆ ರೋಗಿಯ ಪ್ರಾಣವೇ ಹೋದೀತು. ಹನೂರಿನ ಕಾಡಂಚಿನ ಹಳ್ಳಿಯಿಂದ ಜ್ವರ, ಗಡ್ಡೆಗಳೊಡನೆ ಬಂದ ರೋಗಿಯ ಕೀವನ್ನು ಔಷಧಿ ಕೊಡುವ ಮೊದಲೇ ತೆಗೆದು, ಸಂಶಯವನ್ನೂ ಚೀಟಿಯಲ್ಲಿ ಬರೆದು ಪ್ರಯೋಗಶಾಲೆಗೆ ಕಳುಹುವ ವೈದ್ಯನು ಅರ್ಧ ಕೆಲಸವನ್ನು ಆಗಲೇ ಮಾಡಿ ಮುಗಿಸಿದಂತೆ.

ಯೆರ್ಸಿನ್ನರು 1897ರಲ್ಲಿ ತಮ್ಮ ಸೀರಮ್ಮಿನೊಡನೆ ಮುಂಬಯಿಗೂ ಬಂದರು, ಫಲ ನಿರಾಶಾದಾಯಕವಾಗಿದ್ದಿತು. ಅವರ ಸ್ಥಾನಕ್ಕೆ ಬಂದ ಸಿಮೋಂ ಅವರು 1898ರಲ್ಲಿ ಕರಾಚಿಯಲ್ಲಿ, ಇಲಿಯ ಚಿಗಟವೇ ರೋಗವಾಹಕವೆಂದು ತೋರಿಸಿದರು. ಯೆರ್ಸಿನ್ನರು ಅನ್ನಾಮಿನ ನ್ಯಾತ್ರಾಂಗಿನಲ್ಲಿ ಬೆಸ್ತರ ನೆರೆಯಲ್ಲಿ ನೆಲೆಸಿ, ರಬ್ಬರನ್ನೂ ಕ್ವಿನೈನ್ ಮರವನ್ನೂ ಬೆಳೆಸಿ, ಅವಿವಾಹಿತರಾಗಿಯೇ 1943ರಲ್ಲಿ ತೀರಿಕೊಂಡರು. ಅಣುವಿಗೆ ಬಹುಕಾಲ ಅವರ ಗುರು ಪಾಸ್ತರರ ಹೆಸರಿದ್ದಿತು. ಯೆರ್ಸಿನಿಯಾ ಎಂಬ ಹೆಸರು ಸೂಚಿತವಾದುದು ಅವರು ತೀರಿದ ಮರುವರ್ಷ.