ಮೂರನೆಯ ಸ್ವೆಟರ್

ಕಳೆದ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ನಾನೂ ನನ್ನ ರೂಮ್‌ಮೇಟೂ ಸೇರಿ ಕತೆ ಬರೆದೆವು. ಮೊದಲರ್ಧ ಅವನದು, ಉಳಿದರ್ಧ ನನ್ನದು. ಅವನ ಭಾಗದಲ್ಲಿ ರೊಟ್ಟಿ ತಟ್ಟುತ್ತಿದ್ದ ಅಜ್ಜಿ ನನ್ನ ಭಾಗದಲ್ಲಿ ಸತ್ತು ಹತ್ತು ವರ್ಷವಾಗಿತ್ತು! ಕತೆ ಅಚ್ಚಾಗಲಿಲ್ಲ. ತಪ್ಪು ಯಾರದೆಂಬ ಜಗಳದಲ್ಲಿ ಎರಡು ತಿಂಗಳು ನಮ್ಮ ನಡುವೆ ಮಾತೂ ಇರಲಿಲ್ಲ. ಆಗ ಓದಲು ಸಿಕ್ಕಿದ್ದು ವಸ್ತ್ರವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿಯ ಬದುಕು.

1890ರಲ್ಲಿ ರೋಮ್‌ನ ವಿದ್ವಾಂಸರೊಬ್ಬರ ಮನೆಯಲ್ಲಿ ಹುಟ್ಟಿದ ಎಲ್ಸಾ ಹೊಲಿಗೆ ಕಲಿತವಳಲ್ಲ. ಯೌವನದಲ್ಲೊಮ್ಮೆ ಪ್ಯಾರಿಸ್‌ನ ನೃತ್ಯಕೂಟಕ್ಕೆ ಬಟ್ಟೆಯನ್ನು ಮೈಗೆ ಸುತ್ತಿ, ಪಿನ್ನು ಚುಚ್ಚಿಕೊಂಡು ಹೋಗಿದ್ದಳು. ಕುಣಿಯುತ್ತಿದ್ದಂತೆ ಪಿನ್ನುಗಳು ಕಳಚತೊಡಗಿದವು. ಮುಂದೆ ಗಂಡನಿಂದ ದೂರವಾಗಿ, ಪೋಲಿಯೊ ಪೀಡಿತ ಮಗಳೊಂದಿಗೆ ಅಮೆರಿಕದಿಂದ ಪ್ಯಾರಿಸ್‌ಗೆ ಬಂದಳು. ಕೈಯಲ್ಲಿ ಕಾಸು ಕಡಿಮೆ, ತಲೆ ತುಂಬ ಕಲ್ಪನೆ.

ಒಮ್ಮೆ ಪರಿಚಿತೆಯೊಬ್ಬಳು ತೊಟ್ಟಿದ್ದ ಸ್ವೆಟರ್‌ನ ಬಿಗಿ ಹೆಣಿಗೆ ಅವಳ ಕಣ್ಣಿಗೆ ಬಿತ್ತು. ಹೆಣೆದವಳು ಅರ್ಮೇನಿಯಾದ ನಿರಾಶ್ರಿತೆ ಅರೂಸಿಯಾಗ್ ಮಿಕೇಲಿಯನ್. ಎಲ್ಸಾ ಆಕೆಯನ್ನು ಹುಡುಕಿಕೊಂಡು ಹೋದಳು. ಕತ್ತಿನ ಬಳಿ ಬಿಳಿ ಬೋ ಕಟ್ಟಿದಂತೆ ಕಣ್ಣಿಗೆ ಭ್ರಮೆ ಹುಟ್ಟಿಸುವ ಚಿತ್ರ ಬರೆದುಕೊಟ್ಟಳು. ಮೊದಲ ಸ್ವೆಟರ್ ಸೊಟ್ಟಗಾಯಿತು. ಎರಡನೆಯದು ವಾಸಿ ಎನ್ನುವಂತಿತ್ತು. ಮೂರನೆಯದು ಗೆದ್ದಿತು. ಅದನ್ನೇ ತೊಟ್ಟು ಔತಣಕ್ಕೆ ಹೋದಾಗ ನ್ಯೂಯಾರ್ಕಿನ ಅಂಗಡಿಯೊಂದರಿಂದ 40 ಸ್ವೆಟರ್‌ಗಳಿಗೆ ಬೇಡಿಕೆ ಬಂತು. ಪ್ಯಾರಿಸ್‌ನಲ್ಲಿದ್ದ ಇತರ ಅರ್ಮೇನಿಯನ್ ಹೆಂಗಸರೂ ಹೆಣಿಗೆ ಕಡ್ಡಿ ಹಿಡಿದರು. ಅದು 1927. ಅವಳ ಹೆಸರು ಬೆಳೆದದ್ದು ಅಲ್ಲಿಂದ.

ಹೆಸರು ಬಂದ ಮೇಲೂ ಎಲ್ಸಾ ಒಬ್ಬಂಟಿಯಾಗಿ ಕೆಲಸ ಮಾಡಲಿಲ್ಲ. 1937ರಲ್ಲಿ ಕವಿ ಜಾನ್ ಕಾಕ್ಟೋ ಎದುರುಬದುರಾದ ಎರಡು ಮುಖಗಳನ್ನು ಬರೆದುಕೊಟ್ಟ. ನಡುವಿನ ಖಾಲಿ ಜಾಗ ಹೂಜಿಯಂತೆ ಕಾಣುತ್ತಿತ್ತು. ಲೆಸಾಜ್ ಸಂಸ್ಥೆಯ ಕಸೂತಿಗಾರರು ಅದರ ಮೇಲೆ ಗುಲಾಬಿ ಅರಳಿಸಿದರು. ಗೆರೆ ಒಬ್ಬರದು, ದಾರ ಇನ್ನೊಬ್ಬರದು, ಕೋಟು ಎಲ್ಸಾಳದು. ಒಬ್ಬರಿಲ್ಲದಿದ್ದರೂ ಆ ಕೋಟಿಲ್ಲ.

ಅದೇ ವರ್ಷ ಚಿತ್ರಕಾರ ಸಾಲ್ವಡಾರ್ ಡಾಲಿ ಅವಳ ಬಿಳಿ ಗೌನಿಗೆ ದೊಡ್ಡ ಕೆಂಪು ಲಾಬ್‌ಸ್ಟರ್ ಬರೆದ. ಅದರ ಮೇಲೆ ನಿಜವಾದ ಮಯೋನೀಸ್ ಬಳಿಯೋಣವೆಂದು ಅವನು ಹಟ ಹಿಡಿದನಂತೆ, ಎಲ್ಸಾ ಒಪ್ಪಲಿಲ್ಲವಂತೆ. ಆದರೂ ಸ್ನೇಹ ಮುರಿಯಲಿಲ್ಲ. ಮರುವರ್ಷ ಇಬ್ಬರೂ ಸೇರಿ ಎಲುಬುಗಳು ಉಬ್ಬಿ ಕಾಣುವ ಕಪ್ಪು ಉಡುಪನ್ನು ತಂದರು.

ಎರಡನೇ ಮಹಾಯುದ್ಧದ ನಂತರ ಜನರ ಅಭಿರುಚಿ ಬದಲಾಯಿತು. 1954ರಲ್ಲಿ ಅವಳ ಸಂಸ್ಥೆ ಮುಚ್ಚಿತು. ಅದೇ ವರ್ಷದ ಆತ್ಮಕಥೆಯಲ್ಲಿ ಸೊಟ್ಟಗಾದ ಮೊದಲ ಸ್ವೆಟರನ್ನೂ ಅವಳು ಮುಚ್ಚಿಡಲಿಲ್ಲ. 1973ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಳು.

ಇದನ್ನೆಲ್ಲ ಓದಿದಾಗ ನಮ್ಮ ತಪ್ಪು ತಿಳಿಯಿತು. ನಾವು ಪುಟ ಹಂಚಿಕೊಂಡಿದ್ದೆವೇ ಹೊರತು ಕತೆಯನ್ನಲ್ಲ. ಪ್ರಾಜೆಕ್ಟ್ ರಿಪೋರ್ಟನ್ನೂ ನಾವು ಹೀಗೇ ತುಂಡು ಮಾಡಿ ಅಂಟಿಸುತ್ತೇವಲ್ಲವೇ? ತನಗೆ ಬಾರದ್ದನ್ನು ಒಪ್ಪಿಕೊಂಡು ಬಲ್ಲವರ ಬಾಗಿಲು ತಟ್ಟುವುದು, ಬೇಡವಾದದ್ದನ್ನು ಮುಖಕ್ಕೇ ಬೇಡ ಎನ್ನುವುದು, ಸೊಟ್ಟಗಾದರೆ ಬಿಚ್ಚಿ ಮತ್ತೆ ಹೆಣೆಯುವುದು. ಬರೆಯುವವರಿಗೂ ಬೇಕಾದದ್ದು ಇಷ್ಟೇ.

ಹೋದ ವಾರ ನಾನೇ ಮೊದಲು ಮಾತಾಡಿಸಿದೆ. ಈಗ ನನ್ನ ಸಾಲುಗಳನ್ನು ಅವನು ಹೊಡೆದುಹಾಕುತ್ತಾನೆ, ಅವನವನ್ನು ನಾನು. ಅಜ್ಜಿ ಬದುಕಿರಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಸದ್ಯ ನಡೆಯುತ್ತಿರುವುದು ಎರಡನೆಯ ಸ್ವೆಟರ್.